ಅಂಗಳದ ಮರ ನಮ್ಮದೇ, ಕೊಡಲಿಗೆ ಮುಂಚೆ ಒಂದು ಅರ್ಜಿ

"ಗಿಡಾ ನಮ್ಮದು, ಜಾಗಾ ನಮ್ಮದು, ಕೊಡ್ಲಿ ನಮ್ಮದು. ಕಡದ್ರ ಸರಕಾರದ ಗಂಟೇನ ಹೋಗ್ತದ್ರಿ?"

ಗೋಕಾಕದ ಚಹಾದಂಗಡಿಯಲ್ಲಿ, ಮೂಡಲಗಿಯ ಸಂತೆಯಲ್ಲಿ, ಹುಕ್ಕೇರಿಯ ಬಸ್‌ ನಿಲ್ದಾಣದಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ಮನೆ ಕಟ್ಟುವಾಗ ಕೇಳುತ್ತಾರೆ, ಕಾರು ಕೊಂಡಾಗ ಕೇಳುತ್ತಾರೆ, ಅಣ್ಣತಮ್ಮಂದಿರ ವಾಟ್ನಿ ಆಗಿ ಹಿತ್ತಲದ ನಡುವೆ ಗೋಡೆ ಏಳುವಾಗಂತೂ ಕೇಳಿಯೇ ಕೇಳುತ್ತಾರೆ. ಕೇಳುವವರು ಮಕ್ಕಳು. ಉತ್ತರ ಹೇಳಬೇಕಾದವರು ಅಜ್ಜ ಅಜ್ಜಿ, ಯಾಕೆಂದರೆ ಆ ಮರ ನೆಟ್ಟವರು ಅವರೇ. ಆದರೆ ಉತ್ತರ ಅವರಿಗೂ ಗೊತ್ತಿರುವುದಿಲ್ಲ. "ಕಡೀಬ್ಯಾಡ್ರೋ" ಎಂದು ಬಾಯಿಂದ ಹೇಳುತ್ತಾರೆ, ಕಾಯ್ದೆಯೂ ತಮ್ಮ ಪಕ್ಕದಲ್ಲಿ ನಿಂತಿದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಬೆಳಗಾವಿ ಸೀಮೆಯಲ್ಲಿ ಮರಕ್ಕೂ ಗಿಡ ಎನ್ನುವುದೇ ರೂಢಿ. ಬೇವಿನ ಗಿಡ, ಹುಣಚಿ ಗಿಡ, ಆಲದ ಗಿಡ. ಮೂವರು ಕೈ ಕೈ ಹಿಡಿದರೂ ತಬ್ಬಲಾಗದ ಆಲವೂ ನಮಗೆ ಗಿಡವೇ. "ಅದು ಬರೇ ಗಿಡಾ ಅಲ್ರಿ?" ಎಂದು ಅಧಿಕಾರಿಯ ಮುಂದೆ ಹೇಳಿದರೆ ನಡೆಯುವುದಿಲ್ಲ. ಕಾಯ್ದೆಯ ಲೆಕ್ಕದಲ್ಲಿ ಅದು ಮರ.

ಐವತ್ತು ವರ್ಷದ ಕಾಯ್ದೆ

ಆ ಕಾಯ್ದೆಯ ಹೆಸರು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ವರ್ಷ 1976. ಈಗ ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಗಳಲ್ಲಿ ಬಹಳ ಮಂದಿ ಆಗ ಹುಟ್ಟಿಯೇ ಇರಲಿಲ್ಲ. ಆದ್ದರಿಂದ "ಇದೇನೋ ಹೊಸಾ ಕಾನೂನು ತಂದಾರ" ಎನ್ನುವುದು ಸರಿಯಲ್ಲ.

ಕಾಯ್ದೆಯ 8ನೆಯ ಕಲಮಿನಲ್ಲಿ ಮುಖ್ಯ ಮಾತು ಇದೆ. ಜಾಗ ನಿಮ್ಮ ಸ್ವಂತದ್ದಾಗಿರಲಿ, ಬೇರೆಯವರದಾಗಿರಲಿ, ವೃಕ್ಷಾಧಿಕಾರಿಯ ಅನುಮತಿಯನ್ನು ಮೊದಲೇ ಪಡೆಯದೆ ಮರ ಕಡಿಯುವಂತಿಲ್ಲ, ಕಡಿಸುವಂತೆಯೂ ಇಲ್ಲ. 'ಕಡಿಸುವಂತಿಲ್ಲ' ಎಂಬುದನ್ನು ಗಮನಿಸಿ. "ನಾನು ಕಡಿಯಲಿಲ್ಲ, ಕೂಲಿಯವ ಕಡಿದ" ಎಂಬ ನೆಪ ಹೇಳಿ ಪಾರಾಗಲು ಬರುವುದಿಲ್ಲ.

ಕಡಿಯುವುದು ಎಂದರೆ ಬುಡಸಹಿತ ಉರುಳಿಸುವುದೊಂದೇ ಅಲ್ಲ. ಸುಡುವುದು, ಮರಕ್ಕೆ ಹಾನಿ ಮಾಡುವುದು ಕೂಡ ಆ ಮಾತಿನಲ್ಲಿ ಸೇರಿದೆ. ಬುಡಕ್ಕೆ ಕಸ ಒಟ್ಟಿ ದಿನವೂ ಬೆಂಕಿ ಹಚ್ಚುವುದು, ತೊಗಟೆಯನ್ನು ಸುತ್ತಲೂ ಬಳೆಯಂತೆ ಕೆತ್ತಿ ಒಣಗಲು ಬಿಡುವುದು, ರಾತ್ರಿ ಗುಟ್ಟಾಗಿ ಆಸಿಡ್‌ ಸುರಿಯುವುದು ಎಲ್ಲವೂ ಬಂತು. ಎದುರಿಗೇ ಕೊಡಲಿ ಹಾಕಿದವನಿಗಿಂತ ಹೀಗೆ ಕಳ್ಳತನದಿಂದ ಒಣಗಿಸುವವನ ಮೇಲೆ ನನಗೆ ಹೆಚ್ಚು ಸಿಟ್ಟು.

ವೃಕ್ಷಾಧಿಕಾರಿ ಎಂದರೆ ಬೇರೆ ಯಾರೋ ಅಲ್ಲ, ಸರ್ಕಾರ ಈ ಕೆಲಸಕ್ಕೆ ನೇಮಿಸಿದ ಅರಣ್ಯ ಇಲಾಖೆಯ ಅಧಿಕಾರಿ. ಅರಣ್ಯ ಇಲಾಖೆಗೆ ಕಾಡಷ್ಟೇ ಸೇರಿದ್ದು ಎಂದು ನಾವು ತಿಳಿದಿರುತ್ತೇವೆ. ಊರೊಳಗಿನ ಬೇವಿನ ಮರದ ಅರ್ಜಿಯೂ ಅಲ್ಲಿಗೇ ಹೋಗಬೇಕು. ನಗರಸಭೆ, ಪುರಸಭೆಯ ಕಟ್ಟಡ ಪರವಾನಗಿ ಕೈಯಲ್ಲಿದೆ ಎಂದರೆ ಮರದ ಪರವಾನಗಿಯೂ ಬಂತು ಎಂದಲ್ಲ. ಅದು ಬೇರೆ, ಇದು ಬೇರೆ.

ಅರ್ಜಿ ಎಂದರೆ ಹೆದರಿಕೆ ಬೇಡ

ಅರ್ಜಿಯಲ್ಲಿ ಏನಿರಬೇಕು? ಜಾಗದ ನಕ್ಷೆ, ನಿವೇಶನದ ನಂಬರ್‌ ಅಥವಾ ಸರ್ವೆ ನಂಬರ್‌, ಎಷ್ಟು ಮರ, ಯಾವ ಜಾತಿ, ಸುತ್ತಳತೆ ಎಷ್ಟು, ಯಾಕೆ ಕಡಿಯಬೇಕು. ಜಾಗದ ಮಾಲೀಕರು ಬೇರೆಯಾದರೆ ಅವರ ಒಪ್ಪಿಗೆ ಪತ್ರ. ಮನೆಯ ಉತಾರದ ಪ್ರತಿ ಜೊತೆಗಿಟ್ಟರೆ ಒಳ್ಳೆಯದು. ವಾಟ್ನಿಯ ಗೆರೆಯ ಮೇಲೆಯೇ ಮರ ನಿಂತಿದ್ದರೆ ಅಣ್ಣತಮ್ಮ ಇಬ್ಬರೂ ಸಹಿ ಮಾಡಿ ಕೊಡುವುದು ಕ್ಷೇಮ. ಎಷ್ಟೋ ಮನೆಗಳಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಕಾಗದದ ಮೇಲೆ ಸಹಿ ಹಾಕುವ ಸಂದರ್ಭ ಅದೊಂದೇ ಇರಬಹುದು.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಬಂದವನು. ಸ್ವೀಕೃತಿ ಇಲ್ಲದ ಅರ್ಜಿ ಸಹಿ ಇಲ್ಲದ ಚೆಕ್ಕಿನ ಹಾಗೆ. ಎರಡು ಪ್ರತಿ ಬರೆದು, ಒಂದರ ಮೇಲೆ ತಾರೀಖು ಹಾಕಿಸಿ ಮುದ್ರೆ ಒತ್ತಿಸಿಕೊಂಡು ಮನೆಗೆ ತನ್ನಿ.

ಸುತ್ತಳತೆ ತೆಗೆಯುವ ಕೆಲಸ ಮಕ್ಕಳಿಗೆ ಬಿಡಿ. ನೆಲದಿಂದ ನಾಲ್ಕೂವರೆ ಅಡಿ, ಅಂದರೆ 1.37 ಮೀಟರ್‌ ಎತ್ತರದಲ್ಲಿ, ದೊಡ್ಡವರ ಎದೆಮಟ್ಟದಲ್ಲಿ ಅಳೆಯುವುದು ಅರಣ್ಯ ಇಲಾಖೆಯ ಪದ್ಧತಿ. ಅಜ್ಜಿಯ ಹತ್ತಿರ ಒಂದು ಗಟ್ಟಿ ದಾರ ಇಸಿದುಕೊಳ್ಳಿ, ಕಾಂಡಕ್ಕೆ ಒಂದು ಸುತ್ತು ಬಿಗಿಯಾಗಿ ಸುತ್ತಿ, ಆಮೇಲೆ ದಾರವನ್ನು ಸ್ಕೇಲಿನ ಮೇಲೆ ಹಿಡಿಯಿರಿ. 220 ಸೆಂಟಿಮೀಟರ್‌ ಬಂತು ಎನ್ನೋಣ. ಅದನ್ನು 7ರಿಂದ ಗುಣಿಸಿ 22ರಿಂದ ಭಾಗಿಸಿದರೆ 70. ಮರದ ಅಡ್ಡಳತೆ 70 ಸೆಂಟಿಮೀಟರ್‌. ಪೈ ಲೆಕ್ಕ ಯಾತಕ್ಕೆ ಉಪಯೋಗ ಎಂದು ಕೇಳುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಅರ್ಜಿ ಬಂದ ಮೇಲೆ ಅಧಿಕಾರಿ ಸ್ಥಳಕ್ಕೆ ಬಂದು ನೋಡಿ, ವಿಚಾರಿಸಿ, ಪೂರ್ತಿ ಅನುಮತಿ ಕೊಡಬಹುದು, ಭಾಗಶಃ ಕೊಡಬಹುದು, ಕಾರಣ ಇದ್ದರೆ ಇಲ್ಲ ಎನ್ನಬಹುದು. ಇಲ್ಲಿ ಜನರಿಗೆ ಗೊತ್ತಿಲ್ಲದ ಮುಖ್ಯ ಸಂಗತಿಯೊಂದಿದೆ. ಕೆಲವು ಕಾರಣಗಳಿದ್ದರೆ ಅಧಿಕಾರಿ ಅನುಮತಿ ನಿರಾಕರಿಸುವಂತಿಲ್ಲ. ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಬಿದ್ದಿದ್ದರೆ. ಜೀವಕ್ಕೆ, ಆಸ್ತಿಗೆ ಅಪಾಯವಾಗಿದ್ದರೆ. ಸಂಚಾರಕ್ಕೆ ಅಡ್ಡಿಯಾಗಿದ್ದರೆ. ಬೆಂಕಿ, ಸಿಡಿಲು, ಮಳೆಯಿಂದ ಬಹಳ ಹಾಳಾಗಿದ್ದರೆ. ಪೂರ್ಣ ಬೆಳೆದು ಕಟಾವಿಗೆ ಬಂದಿದ್ದು, ಕಡಿದಾದ ಇಳಿಜಾರಿನ ಮೇಲೆ ಇಲ್ಲದಿದ್ದರೆ. ಹಳ್ಳಿಯಲ್ಲಾದರೆ ಉರುವಲು, ಮೇವು, ಒಕ್ಕಲುತನದ ಸಾಮಾನು, ಮನೆಯ ಬಳಕೆ ಇಂಥ ನಿಜವಾದ ಅಗತ್ಯವಿದ್ದರೂ ಸಾಕು. ಜಾಲಿಯ ಕಟ್ಟಿಗೆಯಿಂದ ಕುಂಟಿ, ಕೂರಿಗೆ ಮಾಡಿಸುತ್ತಿದ್ದ ರೈತನನ್ನು ಕಾಯ್ದೆ ಬರೆದವರು ಮರೆತಿರಲಿಲ್ಲ.

ಆದ್ದರಿಂದ "ಅರ್ಜಿ ಹಾಕಿದರ ಕೊಡೂದಿಲ್ಲ, ಅದಕ್ಕ ಹಂಗೇ ಕಡದ್ವಿ" ಎನ್ನುವವರ ಮಾತಿನಲ್ಲಿ ಹುರುಳಿಲ್ಲ. ನಿಜವಾದ ಕಾರಣ ಇದ್ದವನಿಗೆ ಬಾಗಿಲು ತೆರೆದಿದೆ. "ಎಲೆ ಉದುರಿ ಅಂಗಳ ಹೊಲಸಾಗತೈತಿ" ಎಂಬುದು ಮಾತ್ರ ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಕಸಬರಿಗೆ ಸಾಕು.

ಇಲ್ಲ ಎಂದರೆ ಮುಂದೇನು? ವೃಕ್ಷ ಪ್ರಾಧಿಕಾರ ಎಂಬುದೊಂದಿದೆ. ಅಧಿಕಾರಿಯ ಆದೇಶ ಒಪ್ಪಿಗೆಯಾಗದಿದ್ದರೆ ಅಲ್ಲಿಗೆ ಮೇಲ್ಮನವಿ ಹಾಕಬಹುದು. ಆದೇಶ ಕೈಸೇರಿದ ಕೂಡಲೇ ಹಾಕಬೇಕು, ಕಪಾಟಿನಲ್ಲಿಟ್ಟು ಮರೆಯಬಾರದು.

'ಭಾಗಶಃ' ಎಂಬ ಪದ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಗೋಕಾಕದ ಒಂದು ಓಣಿಯಲ್ಲಿ ನೋಡಿದ್ದೇನೆ. ವಯಸ್ಸಾದ ಗಂಡಹೆಂಡತಿ, ಅಂಗಳದಲ್ಲಿ ದೊಡ್ಡ ಬೇವು. ಮಗ ಪುಣೆಯಲ್ಲಿ ನೌಕರಿ. ಸೂಟಿಗೆ ಬಂದವನು, ಮರದ ಟೊಂಗೆ ಸ್ಲ್ಯಾಬಿನ ಮೇಲೆ ಬಂದಿದೆ, ಮಳೆಗಾಲದಲ್ಲಿ ಮುರಿದು ಬಿದ್ದರೆ ನಿಮ್ಮನ್ನು ಯಾರು ನೋಡುತ್ತಾರೆ, ಕಡಿಸಿಬಿಡೋಣ ಎಂದ. ಅವನದು ಕೆಟ್ಟ ಬುದ್ಧಿಯಲ್ಲ, ದೂರದಲ್ಲಿರುವವನ ಹೆದರಿಕೆ. ಅಜ್ಜಿ ಊಟ ಬಿಟ್ಟು ಕುಳಿತರು. ಏಳನೆಯ ಇಯತ್ತೆಯ ಮೊಮ್ಮಗಳು ಇಬ್ಬರ ನಡುವೆ ನಿಂತು, "ಅಜ್ಜಾ, ಪೂರಾ ಗಿಡಾ ಯಾಕ್‌ ಕಡೀಬೇಕು? ಸ್ಲ್ಯಾಬ್‌ ಮ್ಯಾಲಿಂದು ಎರಡ ಟೊಂಗಿ ಅಷ್ಟ ತಗದ್ರ ಆಗೂದಿಲ್ಲೇನು?" ಎಂದಳು. ಅಜ್ಜ ಹಾಗೆಯೇ ಅರ್ಜಿ ಬರೆದರು. ಇಲಾಖೆಯವರು ಬಂದು ನೋಡಿ ಆ ಎರಡು ಟೊಂಗೆಗಳಿಗೆ ಅನುಮತಿ ಕೊಟ್ಟರು. ಮರ ನಿಂತಿದೆ, ಸ್ಲ್ಯಾಬೂ ನಿಂತಿದೆ. ಮಗ ಈಗ ಬಂದಾಗ ಕಾರನ್ನು ಅದೇ ನೆರಳಿನಲ್ಲಿ ನಿಲ್ಲಿಸುತ್ತಾನೆ.

ಯಾವ ಮರಕ್ಕೆ ವಿನಾಯಿತಿ?

ಎಲ್ಲ ಮರಕ್ಕೂ ಅರ್ಜಿ ಬೇಕಿಲ್ಲ. ತೆಂಗು, ನೀಲಗಿರಿ, ಗಾಳಿಮರ, ಸುಬಾಬುಲ್‌, ಸಿಲ್ವರ್‌ ಓಕ್‌, ಗ್ಲಿರಿಸಿಡಿಯಾ, ರಬ್ಬರ್‌, ಬಳ್ಳಾರಿ ಜಾಲಿ ಇಂಥವನ್ನು ಕಾಯ್ದೆಯೇ ಹೊರಗಿಟ್ಟಿದೆ. ಬೇಗ ಬೆಳೆಯುವ, ಬೆಳೆಯಂತೆ ಕಟಾವು ಮಾಡುವ ಜಾತಿಗಳು ಇವು. ಈ ಪಟ್ಟಿಗೆ ಆಗಾಗ ಹೊಸ ಹೆಸರು ಸೇರಿವೆ. ಆದ್ದರಿಂದ ನಿಮ್ಮ ಮರ ಅದರಲ್ಲಿ ಇದೆಯೋ ಇಲ್ಲವೋ ಎಂದು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿ ತಿಳಿದುಕೊಂಡೇ ಮುಂದುವರಿಯಬೇಕು. ಪಕ್ಕದ ಮನೆಯವ ಹೇಳಿದ ಎಂದು ಹೊರಡಬಾರದು.

ಇನ್ನೊಂದು ತೊಡಕು ಕಟ್ಟಿಗೆ ಸಾಗಿಸುವಲ್ಲಿ ಬರುತ್ತದೆ. ಕಡಿಯಲು ಅನುಮತಿ ಒಂದು, ದಿಮ್ಮಿಯನ್ನು ಟ್ರ್ಯಾಕ್ಟರಿಗೆ ಹೇರಿ ಸಾ ಮಿಲ್ಲಿಗೆ ಒಯ್ಯಲು ಪಾಸು ಇನ್ನೊಂದು. ಯಾವ ಕಟ್ಟಿಗೆಗೆ ಪಾಸು ಬೇಕು ಎಂಬುದನ್ನೂ ಅದೇ ಕಚೇರಿಯಲ್ಲಿ ಅದೇ ದಿನ ಕೇಳಿಬಿಡಿ. ದಾರಿಯಲ್ಲಿ ಟ್ರ್ಯಾಕ್ಟರ್‌ ತಡೆದು ನಿಲ್ಲಿಸಿದ ಮೇಲೆ ಓಡಾಡುವುದು ಬೇಡ.

ಶ್ರೀಗಂಧದ ಕಥೆಯೇ ಬೇರೆ. ಹಿಂದೆ ನಿಮ್ಮ ಹಿತ್ತಲದಲ್ಲಿ ಹಕ್ಕಿ ಉಗುಳಿದ ಬೀಜದಿಂದ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದೇ ಆಗಿತ್ತು. ಮನೆಯಲ್ಲಿ ಗಂಧ ಹುಟ್ಟಿದರೆ ಕಿತ್ತೊಗೆಯುತ್ತಿದ್ದ ಹಿರಿಯರು ಇದ್ದರು, ಉಸಾಬರಿ ಬೇಡವೆಂದು. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಜಮೀನಿನ ಮಾಲೀಕನೇ ಗಂಧದ ಮರಕ್ಕೂ ಮಾಲೀಕನಾದ. ಹಾಗೆಂದು ಮನಸ್ಸು ಬಂದಾಗ ಕಡಿದು ಮನಸ್ಸು ಬಂದವರಿಗೆ ಮಾರುವಂತಿಲ್ಲ. ಇಲಾಖೆಯ ಮೂಲಕವೇ ನಡೆಯಬೇಕು.

ಮನೆಯ ಮುಂದೆ ರಸ್ತೆಯ ಅಂಚಿನಲ್ಲಿರುವ ಮರ ನಿಮ್ಮದಲ್ಲ. ನಿಮ್ಮ ಬಾಗಿಲಿಗೆ ನೆರಳು ಕೊಟ್ಟರೂ, ನೀವೇ ನೀರು ಹಾಕಿ ಬೆಳೆಸಿದ್ದರೂ ಅದು ಸಾರ್ವಜನಿಕ ಮರ. ಅಂಗಡಿಯ ಬೋರ್ಡು ಕಾಣುವುದಿಲ್ಲ ಎಂದು ಅದನ್ನು ಸವರುವ ಹಕ್ಕು ಅಂಗಡಿಯವನಿಗೆ ಇಲ್ಲ.

ನೆರೆಮನೆಯ ಟೊಂಗೆ, ವಿದ್ಯುತ್‌ ತಂತಿ

ಮರದಿಂದ ಹುಟ್ಟುವ ಜಗಳಗಳಲ್ಲಿ ಅರ್ಧಕ್ಕಿಂತ ಹೆಚ್ಚು ಟೊಂಗೆಯದು. ಅವರ ಹುಣಸೆ ನಮ್ಮ ಮಾಳಿಗೆಯ ಮೇಲೆ ಬಾಗಿದೆ, ಹೇಳಿದರೆ ಕೇಳುವುದಿಲ್ಲ. ಏನು ಮಾಡುವುದು?

ಮೊದಲು ಮಾತು, ಆಮೇಲೆ ಕಾಗದ. ಅಪಾಯ ನಿಜವಾಗಿದ್ದು ಮಾಲೀಕ ಕಿವಿಗೆ ಹಾಕಿಕೊಳ್ಳದಿದ್ದರೆ ಇನ್ನೊಂದು ಹಾದಿ ಉಂಟು. ಬೀಳುವ ಸ್ಥಿತಿಯಲ್ಲಿದ್ದು ನೆರೆಹೊರೆಯವರಿಗೆ, ಹಾದುಹೋಗುವವರಿಗೆ ಗಾಯ ಮಾಡಬಹುದಾದ ಮರದ ವಿಷಯದಲ್ಲಿ ಕಾರ್ಯನಿರ್ವಾಹಕ ದಂಡಾಧಿಕಾರಿ ಮಾಲೀಕನಿಗೆ ಆದೇಶ ಮಾಡಬಹುದು. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152ನೆಯ ಕಲಮು. ದಂಡಾಧಿಕಾರಿ ಎಂದ ಕೂಡಲೇ ಬೆಳಗಾವಿಗೆ ಬಸ್ಸು ಹತ್ತಬೇಕಿಲ್ಲ. ತಹಶೀಲ್ದಾರರು ತಾಲ್ಲೂಕಿನ ದಂಡಾಧಿಕಾರಿಯೂ ಹೌದು. ಅವರ ಕಚೇರಿಗೆ ಅರ್ಜಿ ಕೊಟ್ಟರೆ ಅದು ಯಾರ ಅಧಿಕಾರಕ್ಕೆ ಬರುತ್ತದೋ ಅಲ್ಲಿಗೆ ಹೋಗುತ್ತದೆ. ಮೂಡಲಗಿಯವರಂತೂ ಮೊದಲು ಗೋಕಾಕಕ್ಕೆ ಬರಬೇಕಿತ್ತು, ಈಗ ಅವರದೇ ತಾಲ್ಲೂಕಾಗಿದೆ.

ಆ ಕಲಮಿನ ಒಂದು ಮಾತು ನನಗೆ ಬಹಳ ಹಿಡಿಸಿತು. ಮರವನ್ನು ತೆಗೆಯಬೇಕು 'ಅಥವಾ ಆಧಾರ ಕೊಡಬೇಕು' ಎಂದು ಅದರಲ್ಲಿದೆ. ಬಾಗಿದ ಮರಕ್ಕೆ ಊರುಗೋಲು ಕೊಟ್ಟು ನಿಲ್ಲಿಸಬಹುದು ಎಂಬುದು ಕಾನೂನಿನ ಪುಸ್ತಕದಲ್ಲೇ ಇದೆ. ಮುದುಕರಿಗೆ ಕೋಲು ಕೊಡುವ ಹಾಗೆ.

ತಂತಿಯ ವಿಷಯಕ್ಕೆ ಬರೋಣ. ತಂತಿಗೆ ತಾಗುವ ಟೊಂಗೆಯನ್ನು ನೀವಾಗಿ ಕಡಿಯಲು ಹೋಗಲೇಬೇಡಿ. ಹಸಿ ಟೊಂಗೆಯಲ್ಲಿ, ಒದ್ದೆ ಬಿದಿರಿನಲ್ಲಿ ಕರೆಂಟು ಹರಿಯುತ್ತದೆ. ಗೋಕಾಕ, ಮೂಡಲಗಿಯವರು ಹೆಸ್ಕಾಂಗೆ ಹೇಳಬೇಕು. 1912ಕ್ಕೆ ಫೋನ್‌ ಮಾಡಬಹುದು. ಹುಕ್ಕೇರಿ ತಾಲ್ಲೂಕಿನವರು ಮಾತ್ರ ಬೇರೆ ಕಡೆ ಹೋಗಬೇಕು, ಯಾಕೆಂದರೆ ಅಲ್ಲಿ ತಂತಿಯ ಒಡೆಯರೇ ಬೇರೆ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್‌ ಸಹಕಾರಿ ಸಂಘ ಆ ತಾಲ್ಲೂಕಿಗೆ ಕರೆಂಟು ಹಂಚುತ್ತದೆ. ದೇಶದಲ್ಲಿ ಪ್ರಯೋಗಕ್ಕೆಂದು ಮೊದಲು ಆರಂಭಿಸಿದ ಐದು ಸಂಘಗಳಲ್ಲಿ ಅದೊಂದು, ಕರ್ನಾಟಕದಲ್ಲಿ ಅಂಥದ್ದು ಮತ್ತೊಂದಿಲ್ಲ. ಹುಕ್ಕೇರಿಯ ಮಕ್ಕಳು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಮಾತಿದು.

ತಂತಿಗಾಗಿ ಮರ ಕಡಿಯುವುದಕ್ಕೂ ನಿಯಮ ಇದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 68ನೆಯ ಕಲಮಿನ ಪ್ರಕಾರ ತಂತಿಗೆ ಅಡ್ಡಿಯಾದ ಮರವನ್ನು ತೆಗೆಸಲು ಕಂಪನಿ ದಂಡಾಧಿಕಾರಿಗೆ ಅಥವಾ ಸರ್ಕಾರ ಗೊತ್ತುಮಾಡಿದ ಅಧಿಕಾರಿಗೆ ಅರ್ಜಿ ಹಾಕಬೇಕು. ತಂತಿ ಎಳೆಯುವುದಕ್ಕೆ ಮೊದಲೇ ಮರ ಅಲ್ಲಿ ಇದ್ದಿದ್ದರೆ, ಮರದಲ್ಲಿ ಹಕ್ಕುಳ್ಳವರಿಗೆ ಯೋಗ್ಯ ಪರಿಹಾರ ಸಿಗಬೇಕು. ಹೊಲದ ಬದುವಿನ ಹಳೆಯ ಹುಣಸೆ ಲೈನಿಗಾಗಿ ಹೋಯಿತು ಎಂದು ಸುಮ್ಮನೆ ಕೂರುವ ರೈತರು ಇದನ್ನು ತಿಳಿದಿರಬೇಕು.

ಕರದಂಟಿನೊಳಗಿನ ಪಾಠ

ಮಕ್ಕಳೇ, ಗೋಕಾಕದ ಕರದಂಟು ತಿಂದಿದ್ದೀರಲ್ಲ? (ಅಮೀನಗಡದವರು ಸಿಟ್ಟಾಗಬಾರದು, ಅವರದೂ ತಿಂದಿದ್ದೇವೆ.) ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ ಎಲ್ಲ ಇರುತ್ತದೆ. ಆದರೆ ಹೆಸರು ಬಂದದ್ದು ಅಂಟಿನಿಂದ. ತುಪ್ಪದಲ್ಲಿ ಕರಿದ ಅಂಟು, ಕರದಂಟು. ಆ ಅಂಟು ಎಲ್ಲಿಂದ ಬರುತ್ತದೆ? ಮರದಿಂದ. ತೊಗಟೆಗೆ ಗಾಯವಾದಲ್ಲಿ ಒಸರಿ, ಗಾಳಿಗೆ ಒಣಗಿ, ಗಟ್ಟಿಯಾದ ರಸ ಅದು. ಮೊಣಕಾಲು ಕೆತ್ತಿದಾಗ ರಕ್ತ ಹೆಪ್ಪುಗಟ್ಟಿ ಹೆಕ್ಕಳಿಕೆ ಕಟ್ಟುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಮರ ತನ್ನ ಗಾಯಕ್ಕೆ ತಾನೇ ಕಟ್ಟಿಕೊಂಡ ಪಟ್ಟಿಯನ್ನು ನಾವು ತುಪ್ಪದಲ್ಲಿ ಕರಿದು ತಿನ್ನುತ್ತೇವೆ.

ಮನುಷ್ಯನ ಗಾಯ ಮಾಯುತ್ತದೆ, ಹೊಸ ಚರ್ಮ ಬರುತ್ತದೆ. ಮರದ ಗಾಯ ಹಾಗೆ ಮಾಯುವುದಿಲ್ಲ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್‌ ಶಿಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಒಳಗಿನ ಹಳೆಯ ಗಾಯಗಳನ್ನು ಪರೀಕ್ಷಿಸಿದರು. ಮರ ಗಾಯದ ಸುತ್ತ ಒಳಗೊಳಗೇ ಗೋಡೆ ಕಟ್ಟಿ ಕೊಳೆತ ಮುಂದೆ ಹರಡದಂತೆ ತಡೆಯುತ್ತದೆ, ಕೆಟ್ಟ ಭಾಗವನ್ನು ಮುಚ್ಚಿಟ್ಟುಕೊಂಡು ಮೇಲೆ ಹೊಸ ಪದರ ಬೆಳೆಸುತ್ತದೆ ಎಂದು 1970ರ ದಶಕದಲ್ಲಿ ತೋರಿಸಿಕೊಟ್ಟರು. ಕಡಿದ ಜಾಗಕ್ಕೆ ಡಾಂಬರು, ಪೇಂಟು ಬಳಿಯುವುದರಿಂದ ಕೊಳೆತ ನಿಲ್ಲುವುದಿಲ್ಲ ಎಂಬುದೂ ಅವರ ಅಭ್ಯಾಸದಿಂದ ಗೊತ್ತಾಯಿತು. ನಮ್ಮಲ್ಲಿ ಈಗಲೂ ಡಾಂಬರು ಬಳಿಯುವವರು ಇದ್ದಾರೆ.

ಹಾಗಾದರೆ ಎಲ್ಲಿ ಕಡಿಯಬೇಕು? ಟೊಂಗೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ, ಅಂಗಿಯ ಕಾಲರಿನ ಹಾಗೆ. ಮರ ಗಾಯ ಮುಚ್ಚುವ ಶಕ್ತಿಯನ್ನು ಇಟ್ಟುಕೊಂಡಿರುವುದು ಅಲ್ಲಿಯೇ. ಆ ಉಬ್ಬನ್ನು ಉಳಿಸಿ, ಅದರ ಹೊರಗೆ ಹತ್ತಿರದಲ್ಲೇ ಕಡಿಯಬೇಕು. ಕಾಂಡಕ್ಕೆ ಸಪಾಟಾಗಿ ಕಡಿದರೆ ಉಬ್ಬು ಹೋಗುತ್ತದೆ, ಮೊಳದುದ್ದ ಮೋಟು ಬಿಟ್ಟರೆ ಅದು ಒಣಗಿ ಕೊಳೆಯುತ್ತದೆ.

ದಪ್ಪ ಟೊಂಗೆಯನ್ನು ಮೇಲಿನಿಂದ ಒಂದೇ ಸಲ ಗರಗಸ ಹಾಕಿ ಕೊಯ್ದರೆ, ಅರ್ಧ ಕೊಯ್ಯುವಷ್ಟರಲ್ಲಿ ಭಾರಕ್ಕೆ ಮುರಿದು ಕಾಂಡದ ತೊಗಟೆಯನ್ನು ಉದ್ದಕ್ಕೂ ಸುಲಿದುಕೊಂಡು ಬೀಳುತ್ತದೆ. ಅದಕ್ಕೆ ಬಲ್ಲವರು ಮೂರು ಸಲ ಕೊಯ್ಯುತ್ತಾರೆ. ಮೊದಲು ಕಾಂಡದಿಂದ ಒಂದು ಅಡಿ ಆಚೆ, ಟೊಂಗೆಯ ಕೆಳಗಿನಿಂದ ಮೇಲಕ್ಕೆ ಸ್ವಲ್ಪ. ಆಮೇಲೆ ಅದಕ್ಕಿಂತ ತುಸು ಹೊರಗೆ, ಮೇಲಿನಿಂದ ಕೆಳಕ್ಕೆ ಪೂರ್ತಿ. ಭಾರವೆಲ್ಲ ಬಿದ್ದ ಮೇಲೆ ಉಳಿದ ಮೋಟನ್ನು ಉಬ್ಬಿನ ಹೊರಗೆ ಸಾವಕಾಶವಾಗಿ. ಇದನ್ನು ಕೂಲಿಯವನಿಗೆ ಮರ ಹತ್ತುವ ಮೊದಲೇ ಹೇಳಬೇಕು. ಹಗ್ಗ ಕಟ್ಟದೆ ಹತ್ತಿಸಬಾರದು.

ಒಂದೇ ಸಲಕ್ಕೆ ಹಸಿರಿನ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ನಮ್ಮ ಕಡೆ ಮರದ ತಲೆಯನ್ನೇ ಬೋಳಿಸಿಬಿಡುವ ಕೆಟ್ಟ ರೂಢಿ ಇದೆ. ಬೋಳಿಸಿದ ಮರ ಗಾಬರಿಯಿಂದ ಚಿಗುರುತ್ತದೆ, ಒಂದೇ ಕಡೆ ಹತ್ತು ಹದಿನೈದು ಸೊಟ್ಟ ಟೊಂಗೆ. ಅವುಗಳ ಬುಡ ಗಟ್ಟಿ ಇರುವುದಿಲ್ಲ. ಕೆಲವು ವರ್ಷಗಳಲ್ಲಿ ದಪ್ಪಗಾಗಿ, ಮುಂಗಾರಿಗೆ ಮೊದಲಿನ ಬಿರುಗಾಳಿಗೆ ಮುರಿದು ಬೀಳುವುದು ಇವೇ. ಅಪಾಯ ತಪ್ಪಿಸಲು ಬೋಳಿಸಿದ ಮರವೇ ಮುಂದೆ ಹೆಚ್ಚು ಅಪಾಯ.

ಸಣ್ಣ ಒಣ ಕಡ್ಡಿ ಮುರಿದುಕೊಳ್ಳಲು ಯಾರೂ ಬೇಡ ಎನ್ನುವುದಿಲ್ಲ. ದಪ್ಪ ಹಸಿ ಟೊಂಗೆಗೆ ಮಾತ್ರ, ಮೇಲೆ ಹೇಳಿದ 'ಹಾನಿ' ಎಂಬ ಮಾತನ್ನು ನೆನೆದು, ಮೊದಲೇ ಇಲಾಖೆಗೆ ಬರೆದು ಕೇಳುವುದು ಲೇಸು.

ಕಾಲವನ್ನೂ ನೋಡಬೇಕು. ಬೇವು ಯುಗಾದಿಗೆ ಚಿಗುರುತ್ತದೆ, ಅದಕ್ಕೆ ಮೊದಲು ಎಲೆ ಉದುರಿಸಿದ ಹೊತ್ತಿನಲ್ಲಿ ಸವರಿದರೆ ಒಳ್ಳೆಯದು. ಮಾವನ್ನು ಹಣ್ಣಿನ ಸುಗ್ಗಿ ಮುಗಿದ ಮೇಲೆ. ಯಾವಾಗಲೇ ಆಗಲಿ, ಕಡಿಯುವ ಮೊದಲು ತಲೆಯೆತ್ತಿ ಗೂಡು ಇದೆಯೇ ನೋಡಿ. ಈ ಕೆಲಸಕ್ಕೆ ಮಕ್ಕಳ ಕಣ್ಣು ನಮಗಿಂತ ಚುರುಕು. 1972ರ ವನ್ಯಜೀವಿ ಕಾಯ್ದೆ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆ ಎಂದೇ ಕರೆಯುತ್ತದೆ. ದೂಪದಾಳದ ಘಟಪ್ರಭಾ ಪಕ್ಷಿಧಾಮ ನಮ್ಮ ಪಕ್ಕದಲ್ಲೇ ಇದೆ. ಹಕ್ಕಿಗಳಿಗೆ ಪಕ್ಷಿಧಾಮದ ಗಡಿ ಗೊತ್ತಿಲ್ಲ, ನಿಮ್ಮ ಹಿತ್ತಲಕ್ಕೂ ಬರುತ್ತವೆ.

ಕೊಡಲಿ ಇಲ್ಲದೆ ಮರ ಕೊಲ್ಲುವ ಇನ್ನೊಂದು ಬಗೆ ಪೇವರ್ಸ್‌ ಮತ್ತು ಸಿಮೆಂಟು. ಅಂಗಳ ಚೊಕ್ಕಟವಾಗಿ ಕಾಣಲೆಂದು ಬುಡದ ತನಕ ಕಾಂಕ್ರೀಟ್‌ ಹಾಕಿಸಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ದಿಲ್ಲಿಯಲ್ಲಿ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟ್‌ ಕಿತ್ತುಹಾಕಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶ ಮಾಡಿತ್ತು. ನಾವು ಆದೇಶಕ್ಕೆ ಕಾಯದೆ ಬುಡದ ಸುತ್ತ ಒಂದು ಮೀಟರ್‌ ಮಣ್ಣು ಬಿಡಬಹುದು.

ಒಂದಕ್ಕೆ ಒಂದು ಲಕ್ಷ

ಅನುಮತಿ ಇಲ್ಲದೆ ಕಡಿದರೆ ನಮ್ಮ ರಾಜ್ಯದ ಕಾಯ್ದೆಯಲ್ಲಿ ದಂಡವೂ ಉಂಟು, ಜೈಲೂ ಉಂಟು. ನ್ಯಾಯಾಲಯಗಳು ಇದನ್ನು ಎಷ್ಟು ಗಂಭೀರವಾಗಿ ನೋಡುತ್ತಿವೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಉತ್ತರ ಪ್ರದೇಶದ ಮಥುರಾ ಬೃಂದಾವನದ ಕಡೆ, ತಾಜಮಹಲಿನ ಸುತ್ತಲಿನ ರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ 454 ಮರ ಕಡಿದಿದ್ದರು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಭಯ್‌ ಓಕಾ ಮತ್ತು ಉಜ್ಜಲ್‌ ಭುಯಾನ್‌ ಅವರು ಒಂದೊಂದು ಮರಕ್ಕೆ ಒಂದು ಲಕ್ಷ ರೂಪಾಯಿ ದಂಡವನ್ನು ಒಪ್ಪಿ ಎತ್ತಿಹಿಡಿದರು. ಲೆಕ್ಕ ಹಾಕಿ ಮಕ್ಕಳೇ, 4 ಕೋಟಿ 54 ಲಕ್ಷ. ಅಷ್ಟೊಂದು ಮರ ಕಡಿಯುವುದು ಮನುಷ್ಯನ ಕೊಲೆಗಿಂತ ಕೆಟ್ಟದ್ದು ಎಂದು ಕೋರ್ಟು ಹೇಳಿತು. ಆ ಹಸಿರು ಮತ್ತೆ ಬರಲು ನೂರು ವರ್ಷವಾದರೂ ಬೇಕು ಎಂದೂ ಹೇಳಿತು. ಗಮನಿಸಬೇಕಾದದ್ದು, ಮರಗಳಿದ್ದದ್ದು ಖಾಸಗಿ ಜಾಗದಲ್ಲಿ. ಜಾಗ ನಮ್ಮದು, ಕೊಡಲಿ ನಮ್ಮದು ಎಂಬ ವಾದ ಅಲ್ಲಿ ನಡೆಯಲಿಲ್ಲ.

ಅನುಮತಿ ಪಡೆದು ಕಡಿದವನಿಗೂ ಒಂದು ಸಾಲ ಉಳಿಯುತ್ತದೆ. ಮರ ಕಡಿದ ದಿನದಿಂದ 30 ದಿನದೊಳಗೆ ಅದೇ ಜಾಗದಲ್ಲಿ ಅಥವಾ ಬೇರೆ ಯೋಗ್ಯ ಜಾಗದಲ್ಲಿ ಬದಲಿ ಮರ ನೆಡಬೇಕು. ಇದು ಕಾಯ್ದೆಯ ಷರತ್ತು, ದಾಕ್ಷಿಣ್ಯದ ಮಾತಲ್ಲ. ಅಧಿಕಾರಿ ಒಪ್ಪಿದರೆ ಹೆಚ್ಚು ಸಮಯ ಸಿಗಬಹುದು. ಬೇಸಿಗೆಯಲ್ಲಿ ಕಡಿದವರು ಆ ಸಮಯ ಕೇಳುವುದೇ ಒಳ್ಳೆಯದು, ಏಪ್ರಿಲ್‌ ಬಿಸಿಲಿಗೆ ನೆಟ್ಟ ಸಸಿ ಬದುಕುವುದು ಕಷ್ಟ.

ಮಳೆಗಾಲ ಬಂತೆಂದರೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಸಾರ್ವಜನಿಕರಿಗೆ ಕಡಿಮೆ ದರದಲ್ಲಿ ಸಸಿ ಸಿಗುತ್ತವೆ. ತರುವ ಮೊದಲು ಜಾಗ ನೋಡಿಕೊಳ್ಳಿ. ತಂತಿಯ ಕೆಳಗೆ ಬೇವು, ಹುಣಸೆ ಬೇಡ. ಅಲ್ಲಿ ಕರಿಬೇವು, ನಿಂಬೆ, ಪೇರಲ ಸಾಕು. ಆಲ, ಅರಳಿ ಮನೆಯ ಅಂಗಳಕ್ಕೆ ಅಲ್ಲ, ಅವು ಊರ ಕಟ್ಟೆಗೆ, ಕೆರೆಯ ದಂಡೆಗೆ. ಬೇವನ್ನು ಗೋಡೆಯಿಂದ ಹತ್ತು ಹನ್ನೆರಡು ಅಡಿ ದೂರ ನೆಟ್ಟರೆ ಮುಂದೆ ಯಾರೂ ಅದರ ಮೇಲೆ ಅರ್ಜಿ ಹಾಕುವ ಪ್ರಸಂಗ ಬರುವುದಿಲ್ಲ. ಎರಡಡಿ ಆಳದ ಕುಣಿ ತೋಡಿ, ಮೇಲ್ಮಣ್ಣಿಗೆ ತಿಪ್ಪೆಗೊಬ್ಬರ ಬೆರೆಸಿ ತುಂಬಿ, ಸಸಿಯ ಪ್ಲಾಸ್ಟಿಕ್‌ ಚೀಲವನ್ನು ಬ್ಲೇಡಿನಿಂದ ಸೀಳಿ ತೆಗೆದು ನೆಡಿ. ಚೀಲದ ಸಮೇತ ನೆಟ್ಟು, "ಗಿಡಾ ಹತ್ತಲಿಲ್ಲ" ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಆಡು ಕುರಿ ತಿನ್ನದಂತೆ ಸುತ್ತ ಜಾಲಿ ಮುಳ್ಳು ಕಟ್ಟಿ. ನೆಟ್ಟ ತಾರೀಖನ್ನು, ನೆಟ್ಟ ಮಗುವಿನ ಹೆಸರನ್ನು ಮನೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದು, ಆ ಹಾಳೆಯನ್ನು ಅನುಮತಿ ಪತ್ರದ ಜೊತೆಗೆ ಒಂದೇ ಪಿನ್ನು ಹಾಕಿ ಇಡಿ. ಪರೀಕ್ಷೆಗೆ ಇಲಾಖೆಯವರು ಬಂದರೆ ತೋರಿಸಲು ಬರುತ್ತದೆ.